ಎಡಕ್ಕೆ ತಿರುಗಿದ ಜೋಡಿ

"ಅಯ್ಯಯ್ಯೋ! ತಿಂತು! ನನ್ನ ರಾಜನ್ನ ತಿಂತು!"

ಅಥಣಿ ಕಡೆಯ ಅನಂತಪುರದ ದ್ರಾಕ್ಷಿ ತೋಟದಿಂದ ಎದ್ದ ಆ ಕೂಗಿಗೆ ಮಿರಜ್ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು ಸಿಗ್ನಲ್ ಕಾಯದೆ ಹೊರಟುಬಿಟ್ಟಿತು. ನಂಬದವರು ಹೋಗಿ ನೋಡಬಹುದು, ಆ ರೈಲು ಇನ್ನೂ ಆ ಕಡೆಯೇ ಓಡಾಡುತ್ತಿದೆ.

ಕೂಗಿದವಳು ಉಜ್ವಲಾ. ವಿರುಪಾಕ್ಷಪ್ಪನವರ ಒಬ್ಬಳೇ ಮಗಳು, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಬೇಸಿಗೆ ಮುಗಿದು ಒಣದ್ರಾಕ್ಷಿಯೆಲ್ಲ ಪೆಟ್ಟಿಗೆ ಸೇರಿತೆಂದರೆ, ದ್ರಾಕ್ಷಿ ಒಣಗಿಸುವ ಶೆಡ್ಡು ವರ್ಷದ ಎಂಟು ತಿಂಗಳು ಅವಳದೇ ಸಾಮ್ರಾಜ್ಯ. ಹನ್ನೊಂದು ಅಂತಸ್ತಿನ ಬಲೆಗಳ ಮೇಲೆ ದ್ರಾಕ್ಷಿಯ ಬದಲು ಹುಲಿ, ನರಿ, ರಾಕ್ಷಸ, ರಾಜಕುಮಾರಿಯರು ಗಾಳಿಗೆ ಒಣಗುತ್ತಿದ್ದರು.

ಅವತ್ತು ಕೆಳಗಿನ ಬಲೆಯ ಮೇಲಿದ್ದ ರಾಜನನ್ನು ಒಂದು ಕುರಿ ಕಿರೀಟದಿಂದ ಶುರುಮಾಡಿ ಪಾದರಕ್ಷೆಯವರೆಗೆ ಅಗಿದು ನುಂಗಿತ್ತು!

"ಯಾರ ಕುರಿ ಇದು? ಯಾರದು ಅಂತೇನಿ!"

"ನಮ್ದ್ರಿ ಬಾಯಾರ."

ಬಾಗಿಲಲ್ಲಿ ಒಬ್ಬ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮುಖದಲ್ಲಿ ನಗು ತಡೆದುಕೊಂಡಿರುವ ಸಂಕಟ. ತೆಲಸಂಗದ ಕುರಿಗಾರರ ಮನೆಯ ಜಕ್ಕಪ್ಪ. ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸಲು ವಿರುಪಾಕ್ಷಪ್ಪನವರೇ ಕರೆಸಿದ್ದರು.

"ಮೂರು ದಿನದ ಕೆಲಸರಿ ಅದು! ಇದಕ್ಕ ಏನಂತೀರಿ?"

"ಏನನ್ನೂದ್ರಿ... ರಾಜನ್ನ ಅಷ್ಟ ತಿಂದೈತಿ. ರಾಣಿನ್ನ ಮುಟ್ಟಿಲ್ಲ. ನಮ್ಮ ಕುರಿಗೆ ಮರ್ಯಾದಿ ಐತ್ರಿ."

ಉಜ್ವಲಾ ನಗಬಾರದೆಂದು ತುಟಿ ಕಚ್ಚಿಕೊಂಡಳು. ಅಷ್ಟರಲ್ಲಿ ಅವನು ಬಗ್ಗಿ ಮತ್ತೊಂದು ಚಿತ್ರ ನೋಡುತ್ತಿದ್ದ.

"ಇಂವ ಯಾರ್ರಿ?"

"ಕುರಿಗಾರ. ಕಾಣಂಗಿಲ್ಲೇನು?"

"ಕಂಬಳಿ ಹಿಂಗ ಹೊತ್ತಾಂವ ಕುರಿಗಾರ ಅಲ್ರಿ, ಲಗ್ನಕ್ಕ ಹೊಂಟ ಬೀಗರ ಪಾವಣ್ಯಾ."

ಎಂಟು ಪುಸ್ತಕಗಳಿಗೆ ಚಿತ್ರ ಬರೆದವಳಿಗೆ ಹೀಗೆ ಹೇಳುವುದೇ? ಅವಳ ಕೆನ್ನೆ ಎಷ್ಟು ಕೆಂಪಾಯಿತೆಂದರೆ ಪಕ್ಕದಲ್ಲಿದ್ದ ಕುಂಕುಮ ಬಣ್ಣದ ಡಬ್ಬಿ ನಾಚಿಕೊಂಡಿತು.

"ಇನ್ನ ಮ್ಯಾಲ ನನ್ನ ಚಿತ್ರದಾಗ ಒಂದು ಎಳಿ ತಪ್ಪಿದ್ರ ನನ್ನ ಹೆಸರು ಉಜ್ವಲಾ ಅಲ್ಲ! ಕುಂದರ್ರಿ ಇಲ್ಲೆ. ಕಂಬಳಿ ಹೆಂಗ ಹೊರತಾರ ತೋರಸ್ರಿ. ನನ್ನ ರಾಜನ್ನ ತಿಂದದ್ದಕ್ಕ ದಂಡ ಅಂತ ತಿಳೀರಿ."

ಅವನು ಕುಳಿತ. ಕಥೆ ಶುರುವಾದದ್ದು ಹಾಗೆ. ಕೆಟ್ಟದ್ದೂ ಹಾಗೆಯೇ.

*

ದಂಡ ಒಂದು ದಿನಕ್ಕೆ ಮುಗಿಯಲಿಲ್ಲ; ಹಿಂಡು ಹೊಲದಿಂದ ಹೊಲಕ್ಕೆ ಸರಿಯುತ್ತ ವಾರಗಟ್ಟಲೆ ಉಳಿಯಿತು. ಜಕ್ಕಪ್ಪ ತನ್ನ ಅಜ್ಜಿಯ ಕಥೆಯೊಂದನ್ನು ಹೇಳಿದ. ಹೊಳೆವ್ವ ಆಯಿ ಕಥೆ ಹೇಳಲು ಕುಳಿತರೆ ತೋಳಗಳೂ ಕುರಿಗಳ ಪಕ್ಕದಲ್ಲೇ ಕುಳಿತು "ಹೂಂ" ಎನ್ನುತ್ತಿದ್ದವಂತೆ.

ಒಬ್ಬ ರಾಜನ ಮಗಳ ನೆರಳು ಕಳೆದುಹೋಗಿತ್ತು. ನೆರಳಿಲ್ಲದವಳನ್ನು ಯಾರು ಮದುವೆಯಾಗುತ್ತಾರೆ? ಊರೆಲ್ಲ ಹುಡುಕಿದರೂ ಸಿಗದ ನೆರಳು, ಒಬ್ಬ ಕುರಿಗಾರನ ಹಿಂಡಿನ ನಡುವೆ ಬೆಚ್ಚಗೆ ಮಲಗಿತ್ತು. ಅವನು ಅದನ್ನು ತಂದು, ಉಣ್ಣೆಯ ದಾರದಿಂದ ಅವಳ ಪಾದಕ್ಕೆ ಹೊಲಿದುಕೊಟ್ಟ...

"ಆಮ್ಯಾಲ?"

"ಆಮ್ಯಾಲ ಇಲ್ರಿ. ನಮ್ಮ ಆಯಿ ಅಲ್ಲಿಗೆ ನಿಲ್ಲಿಸ್ತಾಳ. ಕಡೀಕ ಏನಾತು ಅನ್ನೂದು ಕೇಳಿದಾವ್ರ ಹೇಳಬೇಕು. ಅದು ನಮ್ಮ ಮನಿ ರೀತಿ."

ಉಜ್ವಲಾ ಆ ಕಥೆಯನ್ನೇ ಹಿಡಿದಳು. ಧಾರವಾಡದ ಪ್ರಕಾಶಕರೂ ಒಪ್ಪಿದರು. ಹನ್ನೆರಡು ಪುಟ, ಹನ್ನೆರಡು ಚಿತ್ರ, ಒಂದರಂತೆ ಇನ್ನೊಂದಿಲ್ಲ! ನೆರಳನ್ನು ರೊಟ್ಟಿ ಹಂಚಿನ ಮಸಿಯಲ್ಲಿ ಬೆರಳಿನಿಂದ ತಿಕ್ಕಿದಳು. ಕುರಿಗಳಿಗೆ ಉಣ್ಣೆಯ ಉಂಡೆಯನ್ನೇ ಬಣ್ಣದಲ್ಲಿ ಅದ್ದಿ ಒತ್ತಿದಳು. ಅರಮನೆಗೆ ತಾಯಿಯ ಹಳೆಯ ಸೀರೆಯ ಚೂರುಗಳನ್ನು ಕೌದಿಯ ಹಾಗೆ ಹೊಲಿದಳು. ಪಕ್ಕದಲ್ಲಿ ಕುಳಿತ ಜಕ್ಕಪ್ಪ ತಪ್ಪು ಹುಡುಕಿ ಹುಡುಕಿ ಸುಸ್ತಾದ.

"ಈ ಸಲಾನೂ ತಪ್ಪಿಲ್ಲ ಬಿಡು."

"ಇರಂಗಿಲ್ಲ. ಹೇಳೇನಲ್ಲ?"

'ರಿ' ಯಾವಾಗ ಕಳಚಿ ಬಿತ್ತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಆದರೆ ಒಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಹೊಲಕ್ಕೆ ಕುರಿ ಬೇಕೆನ್ನುವ ಮನೆ, ಕುರಿಗಾರನನ್ನು ಹೊಸ್ತಿಲು ದಾಟಿಸುವುದಿಲ್ಲ. ಉಜ್ವಲಾಳ ತಾಯಿ ರುಕ್ಮವ್ವ ಅವನಿಗೆ ಚಹಾ ಕೊಟ್ಟರೂ ಲೋಟವನ್ನು ಅಂಗಳದ ಕಲ್ಲಿನ ಮೇಲಿಟ್ಟು ಒಳಗೆ ಹೋಗುತ್ತಿದ್ದರು. ಆ ಕಲ್ಲಿಗೂ ಬಾಗಿಲಿಗೂ ಆರು ಹೆಜ್ಜೆ. ಆ ಆರು ಹೆಜ್ಜೆಗೆ ಹೋಲಿಸಿದರೆ ಕಾಶಿ ಹತ್ತಿರ!

ಹಿಂಡು ಹೊರಡುವ ಹಿಂದಿನ ದಿನ ಜಕ್ಕಪ್ಪ ತಲೆ ತಗ್ಗಿಸಿ ಹೇಳಿದ.

"ಹನ್ನೊಂದು ಚಿತ್ರ ಆದುವು. ಇನ್ನೊಂದು ಉಳೀತು."

"ಹೂಂ... ಕಡೀದು."

"ಅದನ್ನ ನನಗ ಕೇಳಿ ಬರೀಬ್ಯಾಡ. ಕುರಿಗಾರಂದು, ರಾಜನ ಮಗಳ್ದು ಕಡೀಕ ಏನಾತು ಅಂತ ನೀನ ಬರಿ. ಬಾಯಿಲೆ ಕೇಳೂ ಧೈರ್ಯ ನನಗಿಲ್ಲ ಉಜ್ವಲಾ. ನೀ ಏನ್ ಬರೀತಿ ಅದ ನನಗ ಉತ್ತರ. ಬ್ಯಾಡಂತ ಬರದ್ರ... ತಿರುಗಿ ಈ ದಾರಿಗೆ ಬರಂಗಿಲ್ಲ. ಒಂದ ಮಾತೂ ಕೇಳಂಗಿಲ್ಲ."

ಅವಳ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಶೆಡ್ಡಿನ ಹನ್ನೊಂದು ಅಂತಸ್ತೂ ಅಲುಗಾಡಿದವು.

*

ಕೊನೆಯ ಚಿತ್ರಕ್ಕೆ ಅವಳು ಲಿನೋ ಹಾಳೆ ಆರಿಸಿದಳು. ರಬ್ಬರಿನಂಥ ಹಾಳೆ. ಉಳಿಯಿಂದ ಕೆತ್ತಿ, ಮಸಿ ಹಚ್ಚಿ, ಕಾಗದಕ್ಕೆ ಒತ್ತಿದರೆ ಚಿತ್ರ ಮೂಡುತ್ತದೆ. ಆದರೆ ಕನ್ನಡಿಯಲ್ಲಿ ಕಂಡ ಹಾಗೆ, ತಿರುಗಿ ಮೂಡುತ್ತದೆ. ಅದಕ್ಕೇ ಅವಳು ಯಾವಾಗಲೂ ಮೊದಲು ಕಾಗದದಲ್ಲಿ ಬರೆದು, ಅದನ್ನು ಮಗುಚಿ ಹಾಳೆಗೆ ಇಳಿಸಿ, ಕನ್ನಡಿ ಹಿಡಿದು ನೋಡಿಯೇ ಉಳಿ ಮುಟ್ಟುವವಳು.

ಅವತ್ತು ಮಾತ್ರ ಕನ್ನಡಿ ಹಿಡಿಯಲಿಲ್ಲ.

ಹೇಗೆ ಹಿಡಿದಾಳು? ರಾಜನ ಮಗಳಿಗೆ ತನ್ನದೇ ಮೂಗು, ತನ್ನದೇ ಗಲ್ಲ, ಹಣೆಗೆ ಬಾಸಿಂಗ! ಮುಂದೆ ಕಂಬಳಿ ಹೊತ್ತ ಜಕ್ಕಪ್ಪ. ಸೆರಗಿಗೆ ಶಲ್ಯದ ಗಂಟು. ಇಬ್ಬರೂ ಕುರಿಗಾರರ ದೇವರಾದ ಬೀರದೇವರ ಕಟ್ಟೆಯನ್ನು ಬಲಕ್ಕಿಟ್ಟುಕೊಂಡು ಸುತ್ತು ಬರುತ್ತಿದ್ದಾರೆ. ಮದುಮಗಳಾದ ತನ್ನನ್ನು ತಾನೇ ಕನ್ನಡಿಯಲ್ಲಿ ನೋಡಲು ನಾಚಿಕೆಯಾಗಿ, ನೇರವಾಗಿ ಹಾಳೆಯ ಮೇಲೆಯೇ ಕೆತ್ತಿಬಿಟ್ಟಳು.

ಎರಡು ಪ್ರತಿ ಒತ್ತಿದಳು. ಮೂಡಿದ ಮುಖಗಳನ್ನಷ್ಟೇ ಕಳ್ಳಿಯ ಹಾಗೆ ನೋಡಿ, ಒಂದನ್ನು ಎಲ್ಲಕ್ಕಿಂತ ಮೇಲಿನ ಬಲೆಗೆ ಎಸೆದಳು. ಇನ್ನೊಂದನ್ನು ಪೇಪರಿನಲ್ಲಿ ಸುತ್ತಿ, ಹೊರಟು ನಿಂತ ಅವನ ಕೈಗಿಟ್ಟಳು.

"ಇಲ್ಲೆ ಬಿಚ್ಚಬ್ಯಾಡ! ಆಣಿ ಐತಿ. ದೂರ ಹೋಗಿ ನೋಡು."

"ಹೌದು ಅಂತೋ, ಅಲ್ಲ ಅಂತೋ?"

"ನೋಡು ಅಂದೆನಲ್ಲೋ ಮಾರಾಯಾ!"

ಅವನು ನಗುತ್ತ ಹೋದ. ಆ ನಗುವೇ ಕಡೆಯದು.

ಎರಡು ದಿನ. ನಾಲ್ಕು ದಿನ. ಎಂಟು ದಿನ... ಅವನ ಫೋನ್ ಸ್ವಿಚ್ ಆಫ್.

'ಚಿತ್ರ ನೋಡಿ ಹೆದರಿದನೇ? ಇಷ್ಟು ಬಿಚ್ಚಿ ಹೇಳಬಾರದಿತ್ತೇ? ನಾನೇ ಅತಿಯಾಗಿ ತಿಳಿದುಕೊಂಡೆನೇ?'

ಅವಳು ಅತ್ತ ಕಣ್ಣೀರು ಕಾಲುವೆಗೆ ಬಿಟ್ಟಿದ್ದರೆ ಐನಾಪುರದವರೆಗೂ ಕಬ್ಬು ಬೆಳೆಯಬಹುದಿತ್ತು. ಉಪ್ಪು ಕಬ್ಬು.

ಒಂದು ತಿಂಗಳಿಗೆ ವಿರುಪಾಕ್ಷಪ್ಪನವರು ಸಾಂಗಲಿ ಕಡೆಯ ಸಂಬಂಧ ತಂದರು. ಮೂವತ್ತು ಎಕರೆ ದ್ರಾಕ್ಷಿ. ಹುಡುಗ ಸಂಜಯ ಒಳ್ಳೆಯವನೇ. ಅವನ ತಾಯಿ ಮಾತ್ರ ಶೆಡ್ಡಿನಲ್ಲಿ ಇಣುಕಿ ನೋಡಿ ನಕ್ಕರು. "ಚಿತ್ರ ಗಿತ್ರ ಲಗ್ನ ಆದಮ್ಯಾಲ ಬಂದ್ ಬರಂ ಕಾ, ತಿಳೀತಿಲ್ಲೋ! ನಮ್ಮಲ್ಲೆ ಕೆಲಸ ಭಾಳ ಐತಿ."

ಉಜ್ವಲಾ "ಹೂಂ" ಎಂದಳು. ಯಾರಿಗಾಗಿ "ಉಹೂಂ" ಅನ್ನಬೇಕು?

ನಿಶ್ಚಿತಾರ್ಥದ ಸಾಕರಪುಡಾ ಮುಗಿಯಿತು. ಕಾರ್ಡು ಹಂಚಿದರು. ಮದುವೆಗೆ ಇನ್ನು ಒಂಬತ್ತು ದಿನ.

ಅವತ್ತು ಮಧ್ಯಾಹ್ನ ಬೀಗರು ಬಂದರೆ ಕೂರಲೆಂದು ರುಕ್ಮವ್ವ ಶೆಡ್ಡು ಗುಡಿಸುತ್ತಿದ್ದರು. ಮೇಲಿನ ಬಲೆ ಜಾಡಿಸಿದರು. ಒಂದು ಕಾಗದ ಕೆಳಗೆ ಬಿತ್ತು.

"ಯವ್ವಾ! ಏನಿದು? ಶುಭ ಕೆಲಸದ ಮನ್ಯಾಗ ಇಂಥಾ ಚಿತ್ರ ಯಾಕ ಬರದಿ?"

"ಮದಿವಿ ಚಿತ್ರ ಅದು, ಅವ್ವಾ."

"ಮದಿವಿ ಅಂತಾಳ! ದೇವರ ಕಟ್ಟಿ ಯಾ ಕೈಗೈತಿ ನೋಡ. ಎಡಗೈಗೆ! ಎಡಕ್ಕ ಸುತ್ತೂದು ಯಾವಾಗ ಅಂತ ಗೊತ್ತಿಲ್ಲೇನು ನಿನಗ? ಹೆಣದ ಸುತ್ತ ಹೋಗೂ ಮುಂದ! ಬಾಸಿಂಗ ಕಟ್ಟಿ, ಗಂಟು ಹಾಕಿ, ಸಾವಿನ ಸುತ್ತು ತಿರಗಿಸಿಯಲ್ಲ ಮಕ್ಕಳ್ನ!"

ಉಜ್ವಲಾ ಕಾಗದವನ್ನು ಕಸಿದುಕೊಂಡು ನೋಡಿದಳು.

ಕನ್ನಡಿ...

'ಒಂದು ಎಳೆ ತಪ್ಪಿದರೂ ನನ್ನ ಹೆಸರು ಉಜ್ವಲಾ ಅಲ್ಲ' ಎಂದವಳು ತಾನೇ! ತಪ್ಪೇ ಮಾಡದವಳ ಚಿತ್ರವೆಂದು ಅವನು ನಂಬಿದ್ದ. ನಂಬಿದ್ದಕ್ಕೇ ಒಂದು ಮಾತೂ ಕೇಳದೆ ಹೋಗಿದ್ದ. ನಾವಿಬ್ಬರೂ ಸತ್ತಂತೆ ಎಂದು ಅವಳೇ ಕೆತ್ತಿ ಕಳಿಸಿದ್ದಾಳೆಂದು...

ಅವಳು ಲಿನೋ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಓಡಿದಳು.

*

ಅಥಣಿಯಲ್ಲಿ ಬಸ್ಸು ಬದಲಿಸಿ ತೆಲಸಂಗದಲ್ಲಿ ಇಳಿದಾಗ ಬಿಸಿಲು ಇಳಿಯತೊಡಗಿತ್ತು. ಹಿಂಡು ಊರ ಹೊರಗೆ, ಕೊಯ್ದ ಜೋಳದ ಹೊಲಗಳ ಆಚೆ ಎಂದರು. ಅರ್ಧ ದಾರಿಯಲ್ಲಿ ಚಪ್ಪಲಿ ಹರಿಯಿತು. ಎಸೆದು ನಡೆದಳು.

ಬಿಡಾರ ಬಿಚ್ಚಿ ಕುದುರೆಯ ಬೆನ್ನಿಗೆ ಹೇರುತ್ತಿದ್ದರು. ಹೊಳೆವ್ವ ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಯಾರ್ಬೇ ನೀ? ಚಿತ್ರದ ಹುಡುಗಿ ಏನು? ಈಗ ಬಂದೇನವಾ... ಚಿತ್ರ ನೋಡಿ ಮೂರು ದಿನ ರೊಟ್ಟಿ ಮುಟ್ಟಲಿಲ್ಲ ಅಂವ."

ಜಕ್ಕಪ್ಪ ತಿರುಗಿ ನೋಡಿದ. ಎರಡೇ ತಿಂಗಳಲ್ಲಿ ಹತ್ತು ವರ್ಷ ಸವೆದಿದ್ದ.

"ಬರ್ರಿ ಬಾಯಾರ. ನಿಮ್ಮ ಲಗ್ನದ ಸುದ್ದಿ ಸಂತ್ಯಾಗ ಕೇಳೇನಿ. ಕಾರ್ಡ್ ಕೊಡಾಕ ಬಂದೀರೇನು?"

ಆ 'ರಿ' ಉಳಿಗಿಂತ ಹರಿತವಾಗಿತ್ತು. ಅವಳು ಲಿನೋ ಹಾಳೆಯನ್ನು ಅವನ ಮುಂದೆ ಹಿಡಿದಳು.

"ಕೈಯಿಂದ ಮುಟ್ಟಿ ನೋಡು. ನಾ ಕೆತ್ತಿದ್ದು ಇದು. ಒತ್ತಿದಾಗ ತಿರುಗಿ ಮೂಡತೈತಿ... ಕನ್ನಡಿ ಹಿಡಿಲಿಲ್ಲ ನಾನು. ನಾಚಿಗಿ ಬಂತು ಜಕ್ಕೂ... ಅದಕ್ಕ ತಪ್ಪಾತು!"

ಅವನ ಒರಟು ಬೆರಳು ಗೆರೆಗಳ ಮೇಲೆ ನಿಧಾನವಾಗಿ ಹರಿಯಿತು. ಬಾಸಿಂಗ. ಕಂಬಳಿ. ಗಂಟು. ಕಟ್ಟೆ...

"ಬಲಕ್ಕೈತಿ."

"ಹೂಂ."

"ಬಲಕ್ಕ ಐತೆಲ್ಲ ಉಜ್ವಲಾ..."

ಅವನು ಅಲ್ಲೇ ಕುಸಿದು ಕುಳಿತ. ಅಷ್ಟು ದೊಡ್ಡ ಗಂಡಸು, ಮುಖಕ್ಕೆ ಕಂಬಳಿ ಒತ್ತಿಕೊಂಡು ಅತ್ತ. ಅತ್ತು ಮುಗಿದ ಮೇಲೆ ತಲೆಯಾಡಿಸಿದ.

"ತಡಾ ಆತು. ನೀ ಮನಿಗೆ ಹೋಗು."

"ಯಾಕ?"

"ಕಾರ್ಡ್ ಹಂಚ್ಯಾರ. ನಿಮ್ಮಪ್ಪ ಒಪ್ಪಂಗಿಲ್ಲ, ಇವತ್ತೂ ಇಲ್ಲ, ಇನ್ನ ಹತ್ತು ವರ್ಷಕ್ಕೂ ಇಲ್ಲ. ನನಗ ಮನಿ, ಗ್ವಾಡಿ ಅನ್ನೂದ ಇಲ್ಲ. ನಿನ್ನ ಚಿತ್ರ ಎಲ್ಲಿ ಒಣಗಿಸ್ತಿ? ಮಳ್ಯಾಗ, ಗಾಳ್ಯಾಗ, ಇವತ್ತು ಇಲ್ಲಿ ನಾಳೆ ಅಲ್ಲಿ... ಪ್ರೀತಿ ಐತಿ. ಬಾಳಿವಿ ಆಗಂಗಿಲ್ಲ."

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಅವಳು ಫೋನ್ ತೆಗೆದು ತಂದೆಗೆ ಹಚ್ಚಿದಳು.

"ಅಪ್ಪಾ, ತೆಲಸಂಗದಾಗ ಅದೇನ್ರಿ. ಜಕ್ಕಪ್ಪನ ಹಂತ್ಯಾಕ. ನಾ ಆ ಲಗ್ನ ಆಗಂಗಿಲ್ರಿ."

ವಿರುಪಾಕ್ಷಪ್ಪನವರ ದನಿ ಸ್ವಲ್ಪವೂ ಏರಲಿಲ್ಲ.

"ಸಂಜಿ ಬಸ್ಸಿಗೆ ಬಾ. ಯಾರೂ ಏನೂ ಕೇಳಂಗಿಲ್ಲ. ಬರಲಿಲ್ಲ ಅಂದ್ರ ಶೆಡ್ಡಿಗೆ ಬ್ಯಾರೆ ಕೀಲಿ ಹಾಕ್ತೇನಿ. ಒಳಗಿದ್ದದ್ದು ಒಳಗ. ನೀ ಹೊರಗ."

ಹನ್ನೊಂದು ಚಿತ್ರಗಳು. ಎಂಟು ವರ್ಷದ ಕೆಲಸ. ಉಳಿ, ಬಣ್ಣ, ಎಲ್ಲ. ಹಿಂದೆ ಎಲ್ಲೋ ರುಕ್ಮವ್ವ ಅಳುತ್ತಿರುವುದು ಕೇಳಿಸಿತು.

"ಹಾಕ್ರಿ, ಅಪ್ಪಾ."

ಫೋನ್ ಕಟ್ ಆಯಿತು. ಮತ್ತೆಂದೂ ಆ ನಂಬರಿನಿಂದ ಕರೆ ಬರಲಿಲ್ಲ. ಆ ಪುಸ್ತಕವೂ ಹೊರಬರಲಿಲ್ಲ.

ದೂರದ ರಸ್ತೆಯಲ್ಲಿ ಸಂಜೆಯ ಬಸ್ಸು ಬಂದು ನಿಂತಿತು. ಹಾರ್ನ್ ಹೊಡೆಯಿತು. ಜಕ್ಕಪ್ಪ ಅವಳನ್ನೇ ನೋಡುತ್ತಿದ್ದ. ಅವಳು ಬಸ್ಸಿನ ಕಡೆ ನೋಡಲಿಲ್ಲ. ಅದು ಹೋಯಿತು.

ಹೊಳೆವ್ವ ಆಯಿ ಕುದುರೆಯ ಹಗ್ಗ ಬಿಚ್ಚಿದಳು. ಹಿಂಡು ಎದ್ದಿತು. ಉಜ್ವಲಾ ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟಳು.

"ಅಳಾಕತ್ತೀ?"

"ಇಲ್ಲ. ಕಾಲಾಗ ಮುಳ್ಳು ನಟ್ಟೈತಿ."

ಅವನು ಮಣ್ಣಿನಲ್ಲಿ ಕುಳಿತು ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡ. ಮುಳ್ಳು ಆಳಕ್ಕೆ ಹೋಗಿತ್ತು. ತಲೆಗೆ ಸುತ್ತಿದ ಪಟಕಾದ ಅಂಚಿಗೆ ಚುಚ್ಚಿಟ್ಟಿದ್ದ ಪಿನ್ನಿನಿಂದ ಮೆಲ್ಲಗೆ ಕೆದಕಿದ.

"ಬಂತು ನೋಡು."

"ನೋವು ಹಂಗ ಐತಿ."

"ಇರತೈತಿ. ಭಾಳ ದಿನ ಇರತೈತಿ, ಉಜ್ವಲಾ."

"ನೀ ಇರ್ತಿಯಿಲ್ಲೋ?"

ಅವನು ತನ್ನ ಚಪ್ಪಲಿ ಕಳಚಿ ಅವಳ ಕಾಲಿಗೆ ಹಾಕಿದ. ಅವು ಅವಳ ಪಾದಕ್ಕೆ ಬಹಳ ದೊಡ್ಡವಾಗಿದ್ದವು.

"ಇರ್ತೇನಿ. ಸಾವಕಾಶ ನಡಿ. ಕುರಿ ಕಾಯ್ತಾವ."