ಇಪ್ಪತ್ತೆಂಟು ವರ್ಷ ಹಿಂದಿಟ್ಟ ಗಡಿಯಾರ

"ಐದು ಗಂಟೆಗೆ ನಮ್ಮನೆಯವರ ಯಂತ್ರ ಬಿಚ್ಚಿಬಿಡ್ತಾರಂತೆ ಅಜ್ಜೀ. ಏನಾದ್ರೂ ಮಾಡಿ." ಶಿಝುಎ ಕೂತಲ್ಲಿ ಕೂರಲಾರದೆ ಕೈಚೀಲದ ಹಿಡಿ ತಿರುಚುತ್ತಿದ್ದಳು.

ಒಸಾಕದ ನಿಪ್ಪೊಂಬಾಶಿಯಲ್ಲಿ ನನ್ನ ಕಾಫಿ ಅಂಗಡಿಯ ಮೇಲಿನ ಕೋಣೆ, ಹಳೆಯ ಕೈಕಂಪ್ಯೂಟರುಗಳನ್ನು ಇನ್ನೂ ಬಳಸುವವರ ಸಂಘದ್ದು. ಪಕ್ಕದಲ್ಲೇ ನಿಶಿವಾಕಿ ಅಜ್ಜಿಯ ವಾಸ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಸಂಘದ ತಂಟೆಗಳೆಲ್ಲ ಅವರ ಬಾಗಿಲಿಗೆ ಬರುತ್ತಿದ್ದವು, ಹಿಂದೆಯೇ ಚಹಾ ಹಿಡಿದು ನಾನೂ.

ಶಿಝುಎಯ ಗಂಡ ಹಿಸಮೊಟೊ ಫೆಬ್ರವರಿಯಲ್ಲಿ ತೀರಿಕೊಂಡಿದ್ದ. ತನ್ನ ಪುಟ್ಟ ಯಂತ್ರದಲ್ಲಿ ದಿನಕ್ಕೊಂದು ಸಾಲು ಬರೆಯುತ್ತಿದ್ದ. ಶಿಝುಎ ಒಂದನ್ನೂ ಓದಿರಲಿಲ್ಲ. ಸುಸ್ಥಿತಿಯಲ್ಲಿರಲೆಂದು ಅದನ್ನು ಸಂಘಕ್ಕೆ ಕೊಟ್ಟಿದ್ದಳು. ಸಂಘದ ಕುಸನೊ ಎಂಬಾಕೆ ಒಂದು ದಿನ ಇಟ್ಟುಕೊಂಡು ಕೀಲಿಗಳನ್ನು ಒರೆಸಿದಳು. ಇನ್ನೊಬ್ಬ ಸದಸ್ಯ ಮಿಝೊಗುಚಿ ಮರುದಿನ ಒಯ್ದು ಬ್ಯಾಟರಿ ಬದಲಿಸಿದ. ಆಮೇಲೆ ಅದರ ಪರದೆಯಲ್ಲಿ, ಯಂತ್ರದಲ್ಲೇ ಬರೆದಿಟ್ಟ ಒಂದು ಚೀಟಿ ಕಂಡಿತು: 'ನನ್ನ ನಂತರ ಇದರ ಬಿಡಿಭಾಗಗಳು ಸಂಘದವರಿಗೆ ಸಿಗಲಿ.' ಕುಸನೊಳ ಯಂತ್ರದ ಮುಚ್ಚಳದ ಕೀಲು ಮುರಿದಿತ್ತು. ಮಿಝೊಗುಚಿಯದರ ಪರದೆಗೆ ಕಪ್ಪು ಗೆರೆ ಬಿದ್ದಿತ್ತು.

ಅಜ್ಜಿ ಯಂತ್ರ ತರಿಸಿ ನೋಡಿ, ಎಲ್ಲರನ್ನೂ ಕರೆಸಿದರು. ಮಿಝೊಗುಚಿ ಕಿಟಕಿಗೂ ಬಾಗಿಲಿಗೂ ಅಲೆಯುತ್ತಲೇ ಇದ್ದ.

"ಕೂತ್ಕೋ ಮಾರಾಯ, ನೆಲ ಸವೀತದೆ," ಎಂದಳು ಕುಸನೊ.

"ಚೀಟಿಗೆ ಯಂತ್ರ ಹಾಕಿದ ತಾರೀಕು 1997 ಜನವರಿ ಅಂತಿದೆಯಲ್ಲಾ?" ಅಜ್ಜಿ ಕೇಳಿದರು. "ನೀವೆಲ್ಲ ಅವನಿಗೆ ಸಿಕ್ಕಿದ್ದು ಐದು ವರ್ಷದ ಹಿಂದೆ."

ಮಿಝೊಗುಚಿ ನಕ್ಕ. "ಅಷ್ಟೂ ಗೊತ್ತಿಲ್ವಾ? ಹಳೇ ಯಂತ್ರಗಳ ಕ್ಯಾಲೆಂಡರು 1999ಕ್ಕೆ ಮುಗೀತದೆ. ಇಪ್ಪತ್ತೆಂಟು ವರ್ಷ ಹಿಂದಿಟ್ರೆ ವಾರಗಳು ಸರಿಹೋಗ್ತವೆ. ಅಂದ್ರೆ ಅದು ಈ ಜನವರಿದು. 2025."

ಕುಸನೊ ತಲೆಯಾಡಿಸಿದಳು. ಅದು ಸಂಘದವರೆಲ್ಲ ಬಲ್ಲ ಉಪಾಯ.

"ಸರಿ. ಇಬ್ರೂ ನಿಮ್ಮ ನಿಮ್ಮ ಯಂತ್ರ ತೆಗೆದು ಇವತ್ತಿನ ತಾರೀಕು ತೋರಿಸಿ."

ಕುಸನೊಳದು 2025 ಎಂದಿತು. ಮಿಝೊಗುಚಿಯ ಕಪ್ಪು ಗೆರೆಗಳ ನಡುವೆ 1997 ಮಿನುಗಿತು.

ಅಜ್ಜಿ ಹಿಸಮೊಟೊನ ಯಂತ್ರವನ್ನು ನಮ್ಮತ್ತ ತಿರುಗಿಸಿದರು. "ಇದು ಆಮೇಲೆ ಬಂದ ಯಂತ್ರ. ಕ್ಯಾಲೆಂಡರು 2049ರವರೆಗೂ ಇದೆ. ಹಿಂದಿಡೋ ಅಗತ್ಯವೇ ಇಲ್ಲ. ಅವನ ದಿನಚರಿಯ ಕೊನೇ ಸಾಲುಗಳೆಲ್ಲ 2025. ಈ ಚೀಟಿಯೊಂದೇ 1997. ಬ್ಯಾಟರಿ ತೆಗೆದಾಗ ಗಡಿಯಾರ ಅಳಿಸಿಹೋಯ್ತು. ಅವನು ಬದುಕಿದ್ದಾಗ, ಜನವರಿಯಲ್ಲೇ ಬರೆದದ್ದು ಅಂತ ತೋರಿಸೋಕೆ ಯಾರೋ ಹೊಸದಾಗಿ ತಾರೀಕು ಕೊಟ್ರು. ವರ್ಷ ಒತ್ತುವಾಗ ಬೆರಳು ರೂಢಿ ಬಿಡಲಿಲ್ಲ. ಚೀಟಿ ಬರೆದ ಮೇಲೆ ತಿಂಗಳು, ದಿನ ಸರಿಮಾಡಿದ್ರು. ವರ್ಷ ಮಾತ್ರ ಇನ್ನೂ ಹಾಗೇ ಇದೆ, ನೋಡಿ. ಕುಸನೊಗೆ ಆ ರೂಢಿಯಿಲ್ಲ."

ಮಿಝೊಗುಚಿಯ ಅಲೆದಾಟ ನಿಂತಿತು. "ನನ್ನ ಪರದೆ ಸಾಯ್ತಾ ಇದೆ," ಎಂದ ಮೆಲ್ಲಗೆ. "ಈ ಯಂತ್ರ ಇವ್ರ ಮನೇಲಿ ಸುಮ್ನೆ ಕಪಾಟಿಗೆ ಹೋಗ್ತದೆ ಅಂದ್ಕೊಂಡೆ."

"ನನ್ನ ಕೇಳಬಹುದಿತ್ತಲ್ಲಪ್ಪಾ," ಎಂದಳು ಶಿಝುಎ. "ಈಗ ಗಡಿಯಾರ ಸರಿಮಾಡಿ, ಕೊನೇ ಸಾಲು ತೆಗೆದುಕೊಡು."

ಅವನು 2025 ಒತ್ತಿ ದಿನಚರಿ ತೆರೆದುಕೊಟ್ಟ. ಶಿಝುಎ ಕನ್ನಡಕ ಏರಿಸಿ ಓದಿದಳು: 'ಇವತ್ತು ಸಾರಿಗೆ ಉಪ್ಪು ಮರೆತಿದ್ದಾಳೆ. ಹೇಳಲಿಲ್ಲ.'

"ಹೇಳೋಕೇನಾಗಿತ್ತು ಈ ಮನುಷ್ಯನಿಗೆ!" ಎಂದು ಗದರಿ ಯಂತ್ರವನ್ನು ಎದೆಗವಚಿಕೊಂಡಳು. ಬಂದಾಗಿನಿಂದ ಚಡಪಡಿಸುತ್ತಿದ್ದ ಅವಳ ಕೈಗಳು ಆಗ ಸುಮ್ಮನಾದವು.