ಜ್ವರದ ಭಾನುವಾರದ ಫೋಟೊ

ಆರಂಭಶೂರತ್ವಕ್ಕೆ ನಮ್ಮ ಮನೆಯಲ್ಲಿ ನಾನೇ ಹೆಸರುವಾಸಿ. ಅರ್ಧ ಹೆಣೆದ ಸ್ವೆಟರು, ಮೂರೇ ಪಾಠಕ್ಕೆ ಮೂಲೆ ಸೇರಿದ ಪಿಟೀಲು, ಎಲ್ಲಕ್ಕೂ ಅಕ್ಕನೇ ಸಾಕ್ಷಿ. ಒಂದು ವರ್ಷ, ಪ್ರತಿ ಭಾನುವಾರ ಒಂದೊಂದು ಫೋಟೊ ತೆಗೆಯುತ್ತೇನೆ ಎಂದಾಗಲೂ ಅವಳು, "ಮೊದಲು ತಿಂಗಳು ದಾಟಿಸು, ನೋಡೋಣ" ಎಂದು ನಕ್ಕಳು.

ದಾಟಿಸಿದೆ. ಆದರೆ ಒಂದು ಭಾನುವಾರ ಕೆಂಡದಂಥ ಜ್ವರ. ಕೋಣೆಯ ಚಿಲಕ ಹಾಕಿ, ಕ್ಯಾಮೆರಾದ ಕೆಂಪು ಬೆಲ್ಟನ್ನು ಕೈಗೆ ಸುತ್ತಿಕೊಂಡೇ ಮಲಗಿಬಿಟ್ಟೆ. ಮಧ್ಯಾಹ್ನ ಹಣೆಯ ಮೇಲೆ ಯಾರೋ ತಣ್ಣಗೆ ಊದಿದಂತಾಯಿತು. ಮರುಕ್ಷಣ ತಲೆಯ ಮೇಲೆ 'ಕ್ಲಿಕ್' ಎಂದಿತು.

ಸೋಮವಾರ ಅಳುಮೋರೆಯಲ್ಲಿ ಕ್ಯಾಮೆರಾ ನೋಡಿದರೆ, ಭಾನುವಾರದ ಫೋಟೊ ಅದರಲ್ಲಿತ್ತು. ಮೇಲಿನಿಂದ ತೆಗೆದದ್ದು, ನಾನು ಮಲಗಿದ್ದೆ. ಹೆದರಿದೆ, ಸುಳ್ಳೇಕೆ ಹೇಳಲಿ? ಆದರೆ ವಾರ ತಪ್ಪಿರಲಿಲ್ಲವಲ್ಲ!

ವರ್ಷ ತುಂಬಿದ ದಿನ ಎಲ್ಲ ಫೋಟೊಗಳನ್ನೂ ಹಜಾರದ ಗೋಡೆಗೆ ಅಂಟಿಸಿ, ರಾಜ್ಯ ಗೆದ್ದವಳಂತೆ ಅಕ್ಕನನ್ನು ಕರೆದೆ.

"ಒಂದು ವಾರಾನೂ ಬಿಟ್ಟಿಲ್ಲ, ನೋಡಕ್ಕ! ಸೋತೆ ಅನ್ನು."

"ಸೋತೆ ಕಣೇ ತಾಯಿ!" ಎಂದು ಚಪ್ಪಾಳೆ ತಟ್ಟಿದವಳು, ಜ್ವರದ ಫೋಟೊದ ಮುಂದೆ ನಿಂತಳು. "ಇದನ್ನ ಯಾವ ಕ್ಯಾಮೆರಾದಲ್ಲಿ ತೆಗೆದೆ?"

"ನನ್ನ ಹತ್ರ ಇರೋದೇ ಒಂದು."

ಅಕ್ಕ ಬೆರಳಿಟ್ಟು ತೋರಿಸಿದಳು. ಫೋಟೊದಲ್ಲಿ, ನನ್ನ ಹೊದಿಕೆಯ ಅಂಚಿನಿಂದ, ಕೆಂಪು ಬೆಲ್ಟಿನ ಅದೇ ಕ್ಯಾಮೆರಾ ಇಣುಕುತ್ತಿತ್ತು.