ಕೊಯ್ಯದೆ ಬಿಟ್ಟ ಹುಲ್ಲು

ಕೊಟ್ಟಿಗೆಯಲ್ಲಿ ಯಾರೋ ಅವಳ ಹಸಿರು ಸೀರೆ ಉಟ್ಟುಕೊಂಡು ಹಾಲು ಕರೆಯುತ್ತಿದ್ದರು.

ವನಜಾಕ್ಷಿ ಬಾಗಿಲಲ್ಲೇ ನಿಂತುಬಿಟ್ಟಳು. ಸಂಜೆಯ ಹಾಲಿನ ಹೊತ್ತು. ಹೊರಗೆ ಬಾಡಿಗೆಯ ಲಗೇಜ್ ಗಾಡಿಯಲ್ಲಿ ಅವಳ ಅಣ್ಣ ಕಲ್ಲೇಶ್ ಕಾಯುತ್ತಿದ್ದ. ಗಂಡನ ಮನೆಯಲ್ಲಿ ಉಳಿದಿದ್ದ ತನ್ನ ಸಾಮಾನು ಒಯ್ಯಲು ತವರೂರು ಬಿಳಿಚೋಡಿನಿಂದ ನ್ಯಾಮತಿಯ ಆಚೆಗಿನ ಈ ಹೊಲದ ಮನೆಯವರೆಗೆ ಬಂದಿದ್ದಳು. ಬರಬೇಕು, ತೆಗೆದುಕೊಳ್ಳಬೇಕು, ತಿರುಗಿ ನೋಡದೆ ಹೋಗಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿಗೆ ಹೇಳಿಕೊಂಡಿದ್ದಳು.

ಈಗ ನೋಡಿದರೆ...

'ಇಷ್ಟು ಬೇಗ ಇನ್ನೊಬ್ಬಳು ಬಂದಳಾ? ಬಂದರೆ ಬರಲಿ. ಉಡೋಕೆ ನನ್ನ ಸೀರೆನೇ ಬೇಕಿತ್ತಾ?'

ಅವಳ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಗಂಡನೇ ಬೇಡ ಎಂದು ಹೊರಟವಳಿಗೆ ಈ ಹೊಟ್ಟೆಕಿಚ್ಚು ಯಾಕೆ ಎಂದು ಕೇಳಬೇಡಿ.

ಹಸು ಚುಕ್ಕಿಗೆ ಅವಳ ವಾಸನೆ ಸಿಕ್ಕಿತು. ಕತ್ತು ತಿರುಗಿಸಿ ಅಂಬಾ ಎಂದಿತು. ಹಾಲು ಕರೆಯುತ್ತಿದ್ದವರೂ ತಿರುಗಿದರು.

ಮೀಸೆ ಇರುವ ಸವತಿಯನ್ನು ವನಜಾಕ್ಷಿ ಅಲ್ಲಿಯವರೆಗೆ ಕಂಡಿರಲಿಲ್ಲ.

ಅವನು ರುದ್ರಮುನಿ, ಅವಳ ಗಂಡ. ಪಂಚೆಯ ಮೇಲೆ ಸೀರೆ ಸುತ್ತಿಕೊಂಡು, ಮಿಕ್ಕಿದ್ದನ್ನು ಹೆಗಲಿಗೆ ಹೊದ್ದು, ಮೊಣಕಾಲ ಸಂದಿಯಲ್ಲಿ ಬಕೆಟ್ಟು ಹಿಡಿದು ಕೂತಿದ್ದ. ಗಡ್ಡ ಬೆಳೆದಿತ್ತು. ಕೆನ್ನೆ ಒಳಗೆ ಹೋಗಿತ್ತು.

"ಬಂದ್ಯಾ," ಎಂದ.

"ಸಾಮಾನು ತಗಂಡು ಹೋಗಾಕೆ ಬಂದೆ."

"ಹೂಂ."

"ಇದೇನ್ರೀ ಇದು ವೇಷ?"

ಅವನು ಬಕೆಟ್ಟಿನ ಕಡೆ ನೋಡಿದ. "ಬೇರೆ ಯಾರು ಕೂತ್ರೂ ಚುಕ್ಕಿ ಹಾಲು ಬಿಡಲ್ಲ. ಮೇಲಕ್ಕೆ ಎಳ್ಕಂತೈತೆ. ಈ ಸೀರೆ ಇದ್ರೆ ನೀನೇ ಅಂತ ತಿಳ್ಕಂಡು ಕೊಡ್ತೈತೆ."

ಅಷ್ಟೇ. ಹೆಂಗಿದೀಯಾ ಎಂದು ಕೇಳಲಿಲ್ಲ. ಊಟ ಮಾಡಿದೆಯಾ ಎಂದೂ ಕೇಳಲಿಲ್ಲ.

ವನಜಾಕ್ಷಿಯ ಕಣ್ಣು ಸೀರೆಯ ಅಂಚಿನ ಮೇಲೆ ಬಿತ್ತು. ಸೆರಗೇ ಇರಲಿಲ್ಲ. ಯಾರೋ ಕೈಯಲ್ಲಿ ಹಿಡಿದು ಹರಿದ ಹಾಗಿತ್ತು.

"ಸೆರಗು ಏನಾತು?"

"ಗೂಟಕ್ಕೆ ಸಿಕ್ಕಿ ಹರೀತು," ಎಂದ ಅವನು ತಲೆ ಎತ್ತದೆ.

ಅವಳು ಒಳಗೆ ಹೋದಳು. ಅದು ಅವಳು ಆಸ್ಪತ್ರೆಗೆ ಹೋದ ದಿನ ಉಟ್ಟಿದ್ದ ಸೀರೆ. ಮತ್ತೆಂದೂ ಕಣ್ಣಿಗೆ ಬೀಳಬಾರದು ಎಂದುಕೊಂಡಿದ್ದ ಸೀರೆ.

ಮದುವೆಯಾಗಿ ಈ ಮನೆಗೆ ಬಂದಾಗ ಅವಳಿಗೆ ಹಾಲು ಕರೆಯಲು ಬರುತ್ತಿರಲಿಲ್ಲ. ಅವರ ಮನೆಯಲ್ಲಿ ಕುರಿ ಇದ್ದವೇ ಹೊರತು ಹಸು ಇರಲಿಲ್ಲ. ಕಲಿಸಿದವನು ರುದ್ರಮುನಿ. ಅವಳ ಬೆರಳ ಮೇಲೆ ತನ್ನ ಬೆರಳಿಟ್ಟು, "ಹಿಂಗೆ... ಮೆಲ್ಲಕೆ," ಎಂದು ಹೇಳಿಕೊಡುವಾಗ ಅವನ ಕಿವಿ ಕೆಂಪಾಗುತ್ತಿತ್ತು. ಚುಕ್ಕಿ ಆಗ ಕರು. ಅದನ್ನು ಸಾಕಿ ದೊಡ್ಡದು ಮಾಡಿದ್ದು ಅವಳೇ. ಹಾಲು ಬಂದ ಮೇಲೆ ಅದಕ್ಕೆ ಅವಳ ಕೈಯೇ ಬೇಕಾಯಿತು.

ಆಮೇಲೆ ಅವಳೂ ತಾಯಿಯಾಗುವ ಸುದ್ದಿ ಬಂತು. ಮನೆಯಲ್ಲಿ ಎಲ್ಲರ ನಡಿಗೆಯೇ ಬದಲಾಯಿತು.

ಏಳು ತಿಂಗಳು ತುಂಬಿತ್ತು. ಬೆಳಗಿನ ಜಾವ ಹೊಟ್ಟೆನೋವು ಶುರುವಾಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮಗು ಇಲ್ಲ ಎಂದರು. ಇನ್ನು ಮುಂದೆ ಆಗುವುದೂ ಇಲ್ಲ ಎಂದರು. ಗಂಡೋ ಹೆಣ್ಣೋ ಎಂದು ಕೇಳಿದ್ದಕ್ಕೆ ಅತ್ತೆ ಶಂಕರಮ್ಮ ಬಾಯಿಗೆ ಸೆರಗು ಹಿಡಿದು, "ಕೇಳಬ್ಯಾಡವ್ವ," ಎಂದು ಎದ್ದು ಹೋದರು.

ಆ ಹೊತ್ತಿನಲ್ಲಿ ಅವಳಿಗೆ ಬೇಕಾಗಿದ್ದವನು ಒಬ್ಬನೇ. ಅವನೇ ಇರಲಿಲ್ಲ.

ಹೊತ್ತು ಮುಳುಗುವಾಗ ಬಂದ. ಮಂಚದ ಪಕ್ಕ ನಿಂತ. ಅವನ ಉಗುರುಗಳ ಸಂದಿಯಲ್ಲಿ ಮಣ್ಣು ಇತ್ತು.

"ಎಲ್ಲಿ ಹೋಗಿದ್ರಿ?"

ಅವನು ಕೈಗಳನ್ನು ಹಿಂದಕ್ಕೆ ಸರಿಸಿಕೊಂಡ. ಕೊನೆಗೆ, "ಚುಕ್ಕಿನ ಕರೆಯಾಕೆ ಹೋಗಿದ್ದೆ," ಎಂದ.

ಅವಳ ಮನಸ್ಸು ಮುರಿದದ್ದು ಆ ಒಂದು ಮಾತಿಗೆ. ಮಗು ಹೋದದ್ದಕ್ಕೆ ಅವಳು ದೇವರನ್ನು ಬೈದಳು. ಗಂಡ ಹಾಲು ಕರೆಯಲು ಹೋದದ್ದಕ್ಕೆ ಯಾರನ್ನು ಬೈಯಬೇಕು?

ಬಾಣಂತನವೂ ಅಲ್ಲದ ಬಾಣಂತನಕ್ಕೆಂದು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅವನು ಫೋನ್ ಮಾಡುತ್ತಿದ್ದ. ಚುಕ್ಕಿ ಮೇವು ಮುಟ್ಟಿಲ್ಲ ಎನ್ನುತ್ತಿದ್ದ. ಚುಕ್ಕಿ ಬಾಗಿಲ ಕಡೆನೇ ನೋಡ್ತೈತೆ ಎನ್ನುತ್ತಿದ್ದ. ಒಂದು ದಿನ ಅವಳಿಗೆ ರೇಗಿಹೋಯಿತು. "ಚುಕ್ಕಿ ಕೈಗೇ ಫೋನ್ ಕೊಡ್ರಿ. ನಾವಿಬ್ರೇ ಮಾತಾಡಿಕೆಂತೀವಿ," ಎಂದು ಇಟ್ಟುಬಿಟ್ಟಳು.

ಕೋಣೆಯಲ್ಲಿ ಟ್ರಂಕಿಗೆ ಬಟ್ಟೆ ತುಂಬುತ್ತಾ ವನಜಾಕ್ಷಿ ಕಿಟಕಿಯಿಂದ ಹಿತ್ತಲಿನ ಮೇವಿನ ಹೊಲ ನೋಡಿದಳು. ಹುಲ್ಲು ಸಾಲುಸಾಲಾಗಿ ಕೊಯ್ದಿತ್ತು. ಬದುವಿನ ಹತ್ತಿರ ಒಂದು ಮೂಲೆ ಮಾತ್ರ ಹಾಗೇ ನಿಂತಿತ್ತು. ಆಳೆತ್ತರ ಬೆಳೆದು, ದಂಟು ಬಲಿತು, ತೆನೆ ಬಿಟ್ಟಿತ್ತು. ಅಷ್ಟು ಬಲಿತ ಹುಲ್ಲನ್ನು ಯಾವ ಹಸುವೂ ಮೂಸುವುದಿಲ್ಲ. ಹಸು ಕಟ್ಟಿದ ಯಾವ ಮನೆಯಲ್ಲೂ ಹಾಗೆ ಬಿಡುವುದಿಲ್ಲ.

"ಅತ್ತೆ, ಆ ಮೂಲೆ ಯಾಕೆ ಕೊಯ್ದಿಲ್ಲ?"

ಸೀರೆ ಮಡಿಸುತ್ತಿದ್ದ ಶಂಕರಮ್ಮನ ಕೈ ನಿಂತಿತು. "ಅವನ್ನೇ ಕೇಳವ್ವ," ಎಂದರು. ಕಣ್ಣು ಒರೆಸಿಕೊಂಡರು. ಸೊಸೆ ಹೋಗುವ ದುಃಖಕ್ಕೆ ಎಂದು ವನಜಾಕ್ಷಿ ತಿಳಿದಳು. ಅವನನ್ನು ಕೇಳಲಿಲ್ಲ. ಇನ್ನು ಈ ಮನೆಯ ಹುಲ್ಲು ಕಟ್ಟಿಕೊಂಡು ತನಗೇನು?

ಟ್ರಂಕು ಗಾಡಿಗೆ ಏರಿತು. ರುದ್ರಮುನಿ ಸೀರೆ ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು ಬಂದು ನಿಂತ. ಅವಳು ಗಾಡಿ ಹತ್ತದೆ ನಿಂತಳು.

'ಒಂದು ಮಾತು ಹೇಳಲಿ. ಹೋಗಬ್ಯಾಡ ಅನ್ನಲಿ. ಟ್ರಂಕು ಇಳಿಸಿಬಿಡ್ತೀನಿ.'

ಅವನ ತುಟಿ ಅಲುಗಿತು.

"ಈ ಸೀರೆ ಒಂದು ಇಲ್ಲೇ ಇರ್ಲಿ, ವನಜಾ. ಚುಕ್ಕಿ... ಹಾಲು ಬಿಡಲ್ಲ."

"ಇಟ್ಕಳ್ರಿ," ಎಂದಳು ಅವಳು. "ಅದನ್ನೇ ಮದುವೆ ಆಗಬೇಕಿತ್ತು ನೀವು."

ಹೊನ್ನಾಳಿ ಸೇತುವೆ ದಾಟುವವರೆಗೂ ತಡೆದುಕೊಂಡಿದ್ದಳು. ಆಮೇಲೆ ಆಗಲಿಲ್ಲ. ಕಲ್ಲೇಶ್ ಏನೂ ಕೇಳದೆ ಗಾಡಿಯ ಕಿಟಕಿ ಏರಿಸಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಊರೂರಿನಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂತು. ನ್ಯಾಮತಿ ಕಡೆಯೂ ಬಂತು. ಚುಕ್ಕಿ ಸತ್ತ ಸುದ್ದಿಯನ್ನು ಹೇಳಿದ್ದು ಶಂಕರಮ್ಮ. ಮೈತುಂಬ ಗಂಟೆದ್ದು, ಕೊನೆಗೆ ನೀರೂ ಇಳಿಯಲಿಲ್ಲವಂತೆ. ಮಿಕ್ಕ ಹಸುಗಳನ್ನು ಮಾರಿ ಕೊಟ್ಟಿಗೆ ತೊಳೆದರಂತೆ.

ವನಜಾಕ್ಷಿ ಅಂದು ಉಣ್ಣಲಿಲ್ಲ. ಕೈಯಾರೆ ಬೆಳೆಸಿದ ಜೀವ. ಅತ್ತಳು. ಅತ್ತು ಮುಗಿಸಿ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಕೂತಳು.

ಅವನು ಮಾಡಲಿಲ್ಲ.

ಮರುದಿನವೂ ಮಾಡಲಿಲ್ಲ. ಆ ವಾರವೂ, ಅದರಾಚೆಯ ವಾರವೂ ಇಲ್ಲ. ಹಸು ಇದ್ದಾಗ ಬರುತ್ತಿದ್ದ ಫೋನು ಹಸು ಹೋದ ಮೇಲೆ ನಿಂತೇಹೋಯಿತು. 'ಹಂಗಾದ್ರೆ ಅಷ್ಟೇ,' ಎಂದುಕೊಂಡಳು. 'ಬೇಕಾಗಿದ್ದದ್ದು ಹಾಲು ಕರೆಯೋ ಕೈ. ಈಗ ಅದೂ ಬೇಡ.' ಸಿಟ್ಟು ಇದ್ದಷ್ಟು ದಿನ ಒಳಗೆ ಎಲ್ಲೋ ಆಸೆಯೂ ಇತ್ತು ಎಂದು ಅವಳಿಗೆ ಗೊತ್ತಾದದ್ದು ಎರಡೂ ಹೋದ ಮೇಲೆ. ಬೆಳಗಾದರೆ ಏಳುತ್ತಿದ್ದಳು, ಕುರಿಗೆ ಸೊಪ್ಪು ಹಾಕುತ್ತಿದ್ದಳು, ಕತ್ತಲಾದರೆ ಮಲಗುತ್ತಿದ್ದಳು. ಯಾವುದಕ್ಕೂ ಕಾಯುತ್ತಿರಲಿಲ್ಲ.

"ಹಿರೇರನ್ನ ಕೂರಿಸಿ ತೀರ್ಮಾನ ಮಾಡಿಸಿಬಿಡಾನ," ಎಂದ ಕಲ್ಲೇಶ್ ಒಂದು ಬೆಳಿಗ್ಗೆ. "ಎಷ್ಟು ದಿನ ಹಿಂಗೆ?"

"ಮಾಡ್ಸು," ಎಂದಳು. ಆಮೇಲೆ ಏನನ್ನಿಸಿತೋ, ಅತ್ತೆಗೆ ಫೋನ್ ಹಚ್ಚಿದಳು. "ಚುಕ್ಕಿ ಇಲ್ವಲ್ಲ ಈಗ. ನನ್ನ ಸೀರೆ ಯಾರ ಕೈಯಾಗಾದ್ರೂ ಕಳ್ಸಿಬಿಡ್ರಿ ಅತ್ತೆ. ಅದೊಂದು ಯಾಕೆ ಅಲ್ಲಿ?"

ಆ ಕಡೆಯಿಂದ ಶಂಕರಮ್ಮ ದನಿ ತಗ್ಗಿಸಿದರು.

"ಅವನು ಕೊಟ್ರೆ ತಾನೇ ಕಳ್ಸೋದು. ರಾತ್ರಿ ತಲೆದಿಂಬಿಗೆ ಸುತ್ಕಂಡು ಮಲಗ್ತಾನೆ."

"ಏನಂದ್ರಿ?"

"ಚುಕ್ಕಿ ನೀನು ಹೋದ ಸ್ವಲ್ಪ ದಿನಕ್ಕೇ ನನ್ನ ಕೈಗೂ ಹಾಲು ಬಿಡ್ತಿತ್ತವ್ವ. ಸೀರೆ ಯಾತಕ್ಕೂ ಬೇಕಿರ್ಲಿಲ್ಲ. ಇನ್ನೂ ಯಾಕೋ ಆ ಸೀರೆ ಸುತ್ಕಂತೀಯ, ನೋಡಿದೋರು ನಗ್ತಾರೆ ಅಂದೆ. ಒಂದು ಮಾತೂ ಆಡ್ಲಿಲ್ಲ. ಹಂಗೇ ಸುತ್ಕಂಡು ಹೋಗಿ ಕೂತ."

ವನಜಾಕ್ಷಿ ಫೋನ್ ಇಟ್ಟಳು. ಅಣ್ಣನಿಗೆ, "ಹಿರೇರು ಸ್ವಲ್ಪ ತಡೀಲಿ," ಎಂದಳು. ಚೀಲವನ್ನೂ ತೆಗೆದುಕೊಳ್ಳದೆ ದಾವಣಗೆರೆ ಬಸ್ಸು ಹತ್ತಿದಳು. ಅಲ್ಲಿಂದ ಹೊನ್ನಾಳಿ, ಹೊನ್ನಾಳಿಯಿಂದ ನ್ಯಾಮತಿ. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಹುಡುಕಿದಳು. ಸಿಗಲಿಲ್ಲ.

ಕೊಟ್ಟಿಗೆ ಖಾಲಿಯಾಗಿತ್ತು. ಗೋಡೆಗೆ ಸುಣ್ಣ ಬಳಿದಿದ್ದರು. ಸಗಣಿಯ ವಾಸನೆಯೂ ಇರಲಿಲ್ಲ. ಅವಳು ಹಿತ್ತಲಿಗೆ ನಡೆದಳು.

ರುದ್ರಮುನಿ ಮೇವಿನ ಹೊಲದಲ್ಲಿದ್ದ. ತಿನ್ನುವ ಹಸು ಇಲ್ಲದ ಮೇಲೆ ಹುಲ್ಲನ್ನು ಊರಿನವರಿಗೆ ಕೊಯ್ದು ಕೊಡುತ್ತಿದ್ದ. ಹೊಲವೆಲ್ಲ ಬೋಳಾಗಿತ್ತು, ಬದುವಿನ ಆ ಮೂಲೆಯೊಂದನ್ನು ಬಿಟ್ಟು. ಅವಳನ್ನು ಕಂಡು ಅವನ ಕೈಯಿಂದ ಕುಡುಗೋಲು ಜಾರಿತು.

"ವನಜಾ..."

ಸಿಟ್ಟೋ ಸಂಕಟವೋ, ಅವಳು ಬಾಗಿ ಆ ಕುಡುಗೋಲು ತೆಗೆದುಕೊಂಡು ನೇರ ಮೂಲೆಗೆ ನಡೆದಳು. ಒಂದು ಹಿಡಿ ಬಲಿತ ಹುಲ್ಲು ಹಿಡಿದಳು. ಅವನು ಓಡಿಬಂದು ಅವಳ ಮಣಿಕಟ್ಟು ಹಿಡಿದ.

"ಅಲ್ಲಿ ಬ್ಯಾಡ."

"ಯಾಕೆ? ಇದನ್ನ ಯಾವ ಹಸುಗೆ ಅಂತ ಉಳ್ಸೀರಿ? ಈಗ ಯಾರ ಹೆಸ್ರು ಹೇಳ್ತೀರಿ?"

ಅವನು ಮಣಿಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಅಲ್ಲಿ ಮಗು ಐತೆ ವನಜಾ."

ಅವಳು ಹಿಡಿದ ಹುಲ್ಲು ಬಿಟ್ಟಳು.

"ಅವತ್ತು ಹಾಲು ಕರೆಯಾಕೆ ಹೋಗಿರ್ಲಿಲ್ಲ ನಾನು. ಆಸ್ಪತ್ರೆಯಾಗೆ ಕೈಗೆ ಕೊಟ್ರು. ಎಲ್ಲಿಗೆ ಅಂತ ತಗಂಡು ಹೋಗ್ಲಿ? ನಮ್ಮ ಹೊಲಕ್ಕೇ ತಂದೆ. ಗುಂಡಿ ನಾನೇ ತೆಗ್ದೆ." ಅವನು ನೆಲಕ್ಕೆ ಕುಸಿದು ಕೂತ. "ಸುತ್ತಾಕೆ ಏನೂ ಇರ್ಲಿಲ್ಲ. ನಿನ್ನ ಸೀರೆ ಗಂಟು ಕಟ್ಟಿ ಕೊಟ್ಟಿದ್ರು. ಅದ್ರ ಸೆರಗು ಹರಿದು ಮಲಗಿಸ್ದೆ. ಅವ್ವಂದು ಅಂತ ಏನಾದ್ರೂ ಇರ್ಲಿ ಮೈಮ್ಯಾಲೆ ಅಂತ."

ವನಜಾಕ್ಷಿ ಅವನ ಪಕ್ಕದಲ್ಲಿ ಕೂತಳು. ಮಣ್ಣನ್ನು ಅಂಗೈಯಿಂದ ಸವರಿದಳು.

"ಗಂಡಾ... ಹೆಣ್ಣಾ?"

"ಹೆಣ್ಣು."

"ಯಾರ ಹಂಗಿತ್ತು?"

"ಹಣೆ ನಿಂದೇ."

ಆಗ ಅವಳು ಅತ್ತಳು. ಆಸ್ಪತ್ರೆಯಲ್ಲಿ ಅಳದೆ ಉಳಿದದ್ದನ್ನೆಲ್ಲ ಆ ಮಣ್ಣಿನ ಮೇಲೆ ಅತ್ತಳು. ಅವನು ತಡೆಯಲಿಲ್ಲ. ಅವನೂ ಅಳುತ್ತಿದ್ದ.

"ನನಗೆ ಯಾಕೆ ಹೇಳ್ಲಿಲ್ರೀ?"

"ಜಾಗ ಗೊತ್ತಾದ್ರೆ ತಾಯಿ ಅಲ್ಲೇ ಕೂತು ಮಣ್ಣಾಗ್ತಾಳೆ, ಹೇಳಬ್ಯಾಡ ಅಂತ ಹಿರೇರು ಆಣೆ ಹಾಕಿಸ್ಕಂಡ್ರು. ನೀನು 'ಎಲ್ಲಿ ಹೋಗಿದ್ರಿ' ಅಂದಾಗ ಬಾಯಿಗೆ ಬಂದಿದ್ದು ಚುಕ್ಕಿ ಹೆಸ್ರು. ಆಮ್ಯಾಲೆ ಅದೇ ಅಭ್ಯಾಸ ಆತು. ನೀನು ಬೇಕು ಅನ್ನಾಕೆ ಹೋದ್ರೆ ಚುಕ್ಕಿ ಕರಿತೈತೆ ಅಂತಿದ್ದೆ."

"ಚುಕ್ಕಿ ಹೋದ ಮ್ಯಾಲೆ ಒಂದು ಫೋನೂ ಮಾಡ್ಲಿಲ್ಲ."

"ದಿನಾ ಫೋನ್ ಹಿಡ್ಕಂಡು ಕೂತಿರ್ತಿದ್ದೆ. ಏನಂತ ಹೇಳ್ಲಿ? ಹೇಳಾಕೆ ಹಸು ಇರ್ಲಿಲ್ಲ."

"ನಾನಿದ್ನಲ್ರೀ," ಎಂದಳು ವನಜಾಕ್ಷಿ. "ನಾನಿದ್ನಲ್ಲ."

ಅವನು ಮುಖ ಮುಚ್ಚಿಕೊಂಡ. ಅವಳು ಅವನ ಕೈ ಸರಿಸಿದಳು. ಉಗುರಿನ ಸಂದಿಯಲ್ಲಿ ಇವತ್ತೂ ಮಣ್ಣಿತ್ತು. ಅವತ್ತು ಆ ಮಣ್ಣನ್ನು ಕಂಡೂ ಅವಳು ಕೇಳಿರಲಿಲ್ಲ.

"ಈಗ ಹೇಳ್ರಿ. ಯಾರ ಹೆಸ್ರೂ ತರದೆ."

ಅವನು ಅವಳ ಕಡೆ ತಿರುಗಿ ಕೂತ.

"ಕೊಟ್ಟಿಗೆ ಖಾಲಿ ಐತೆ. ತೊಟ್ಟಿಲು ಇನ್ನು ತೂಗಂಗಿಲ್ಲ. ಕರೆಯಾಕೆ ನೆಪ ಏನೂ ಉಳಿದಿಲ್ಲ ನನ್ನ ಹತ್ರ. ಕೊಡಾಕೂ ಏನಿಲ್ಲ. ಆದ್ರೂ ಇರು ವನಜಾ. ನೀನಿಲ್ದೆ ನನಗಾಗಲ್ಲ."

ಹೋದದ್ದು ಯಾವುದೂ ತಿರುಗಿ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಕುಡುಗೋಲನ್ನು ದೂರ ಇಟ್ಟು, ಅವನ ಹೆಗಲಿಗೆ ತಲೆ ಆನಿಸಿದಳು. ಗಾಳಿಗೆ ಹುಲ್ಲು ಸರಸರ ಎನ್ನುತ್ತಿತ್ತು.

"ಸೀರೆ ಎಲ್ಲೈತೆ?"

"ಒಳಗೈತೆ."

"ಕೊಡ್ರಿ. ನಾಳೆ ಉಟ್ಕಂತೀನಿ."

"ಸೆರಗಿಲ್ಲ ಅದಕ್ಕೆ."

"ಸೆರಗು ಅವಳ ಹತ್ರ ಇರ್ಲಿ ಬಿಡ್ರಿ," ಎಂದಳು ವನಜಾಕ್ಷಿ.